ಮರ್ಜಾನನ ಬಾಯಿ, ನನ್ನ ಕೈ

ಅಝಮ್ಮೂರ್ ಪಟ್ಟಣದ ಹತ್ತಿರದ ನಮ್ಮ ಮನೆಯಿಂದ,
ಜುಲೈ ಹನ್ನೊಂದು, ಗುರುವಾರ

ಯಾಮ್ನಾ,

ನಿನಗೆ ಶಾಂತಿ ಇರಲಿ. ನಿನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ನಿನ್ನ ಅಕ್ಕನಿಗೂ ಇರಲಿ, ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಅವಳಿಗೆ ಕಿವಿ ಕೇಳಿಸದೆ ಹೋದರೂ. ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಲ ಮಾಡಿದೆ ಎಂದು ನಾನು ಲೆಕ್ಕ ಇಟ್ಟಿಲ್ಲ, ಅವಳು ಇಟ್ಟಿರುತ್ತಾಳೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಘಾಲಿಯಾ ಪ್ರತಿ ಶುಕ್ರವಾರ ನಿನ್ನ ಜೊತೆ ಮಾತಾಡುತ್ತಾಳೆ, ಆದರೆ ಈ ವಿಷಯವನ್ನು ಅವಳ ಬಾಯಲ್ಲಿ ಹೇಳಿಸಲು ಆಗಲಿಲ್ಲ. ಮುಚ್ಚಿಟ್ಟವರೇ ಬಿಚ್ಚಿಡಬೇಕು ಅಂದುಬಿಟ್ಟಳು. ಮಾತಿನಲ್ಲಿ ನಿನ್ನ ಮಗಳೇ.

ಸುತ್ತಿ ಬಳಸಿ ಹೇಳುವುದಿಲ್ಲ. ಮರ್ಜಾನ್ ಇಲ್ಲೇ ಇದೆ. ನಮ್ಮ ಲಾಯದಲ್ಲೇ, ಅಂಜೂರದ ಮರದ ಕಡೆಯ ಮೂಲೆಯಲ್ಲಿ. ಮಾರಿದೆ ಎಂದು ನಿನಗೆ ಹೇಳಿಕಳಿಸಿದ್ದು ಸುಳ್ಳು.

ಕಾಗದ ಹರಿಯಬೇಡ. ಹರಿಯುವುದಾದರೂ ಪೂರ್ತಿ ಓದಿ ಹರಿ. ನಿನ್ನಿಂದ ನನಗೆ ಒಂದೇ ಒಂದು ಬೇಕು. ಮುಂದಿನ ತಿಂಗಳ ಮೂಸೆಮ್ ಜಾತ್ರೆಯಲ್ಲಿ, ಕೋವಿ ಹಿಡಿದ ಸವಾರರ ಸಾಲು ಮೈದಾನಕ್ಕೆ ಇಳಿಯುವ ದಿನ, ಘಾಲಿಯಾ ಹುಡುಗಿಯರ ತಂಡದಲ್ಲಿ ಮರ್ಜಾನ್ ಮೇಲೆ ಕೂರಬೇಕು. ಅವಳ ಬೂದು ಕುದುರೆಗೆ ವಯಸ್ಸಾಯಿತು. ತಾಯಿಯ ರಿದಾ ಇಲ್ಲದೆ ನಮ್ಮವರು ಯಾರೂ ಮದ್ದಿನ ಓಟಕ್ಕೆ ಕುದುರೆ ಹತ್ತುವುದಿಲ್ಲ, ನಿನಗೆ ಗೊತ್ತೇ ಇದೆ. ‘ನಾನು ನಿನ್ನ ಮೇಲೆ ಪ್ರಸನ್ನಳು, ಹೋಗು’ ಎಂಬ ಒಂದು ಮಾತು. ಅದನ್ನು ಕೇಳಲು ಬರೆಯುತ್ತಿದ್ದೇನೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಒಳಗೆ ಮಗಳ ತೊಡೆಗೆ ಸರಳು ಹಾಕುತ್ತಿದ್ದರು. ಆ ಪ್ರಾಣಿ ಇರುವ ಅಂಗಳಕ್ಕೆ ಕಾಲಿಡುವುದಿಲ್ಲ ಎಂದೆ. ಜಗತ್ತೆಲ್ಲ ಕೇಳಿದ್ದು ಆ ಮಾತನ್ನು. ಆದರೆ ಅದಕ್ಕೂ ಮೊದಲು, ಅಡುಗೆಮನೆಯಲ್ಲಿ, ಹಿಟ್ಟು ನಾದುತ್ತಾ ಇನ್ನೊಂದು ಮಾತು ಹೇಳಿದ್ದೆ: “ಕುದುರೆ ಕೆಟ್ಟದ್ದಲ್ಲ ಬೂಶಯಬ್. ನಿನ್ನ ಕೈ ಕೆಟ್ಟದ್ದು.” ನಾನು ಚಹಾದ ಲೋಟ ಗೋಡೆಗೆ ಎಸೆದೆ. ಮೂವತ್ತು ವರ್ಷ ಸಾಲಿನ ನಡುವೆ ನಿಂತು ತಂಡ ನಡೆಸಿದವನಿಗೆ ಹೆಂಡತಿ ಲಗಾಮು ಹಿಡಿಯುವುದನ್ನು ಹೇಳಿಕೊಡುವುದೇ ಎಂದು ಉರಿದುಹೋಗಿತ್ತು. ಕುದುರೆ ಮಾರಿದೆ ಎಂದು ತಿಳಿದ ಮೇಲೂ ನೀನು ಯಾಕೆ ಬರಲಿಲ್ಲ ಎಂದು ಆಗ ಅರ್ಥವಾಗಿರಲಿಲ್ಲ. ಈಗ ಆಗಿದೆ. ನೀನು ಕಾಯುತ್ತಿದ್ದದ್ದು ಕುದುರೆ ಹೋಗಲಿ ಎಂದಲ್ಲ.

ಮಾರಲು ಹೋಗಿದ್ದು ಮಾತ್ರ ನಿಜ. ಸಂತೆಯಲ್ಲಿ ಕುದುರೆ ಮಾಂಸದ ಅಂಗಡಿಯವನು ಮರ್ಜಾನ್ ಸುತ್ತ ಒಂದು ಸುತ್ತು ಬಂದ. ಹಲ್ಲು ನೋಡಲಿಲ್ಲ, ಕಾಲು ನೋಡಲಿಲ್ಲ, ಪಕ್ಕೆಯನ್ನು ಒತ್ತಿ ನೋಡಿದ. ಅಷ್ಟರಲ್ಲಿ ಒಬ್ಬ ಮುದುಕ ಬಂದು, ಯಾರನ್ನೂ ಕೇಳದೆ ಕುದುರೆಯ ತುಟಿ ಬಿಡಿಸಿ ಒಳಗೆ ಇಣುಕಿದ. ಕಬ್ಬೂರ್ ಅಂತ ಹೆಸರು, ರೇಸಿನ ಲಾಯಗಳಲ್ಲಿ ನಲವತ್ತು ವರ್ಷ ಕುದುರೆ ತಿಕ್ಕಿದವನು. ಬಾಯೊಳಗಿನ ಗಾಯ ನೋಡಿ ನನ್ನ ಮುಖ ನೋಡಿದ. “ಇಲ್ಲಿ ಉಳುಮೆ ಮಾಡಿದ್ದು ಯಾರಪ್ಪಾ?” ಅಂದ. ಸುತ್ತ ನಿಂತವರು ನಕ್ಕರು. ನಾನು ಕುದುರೆಯದೇ ತಪ್ಪು, ಮುಂಗಾಲೆತ್ತಿ ನೆಟ್ಟಗೆ ನಿಂತು ಹಿಂದಕ್ಕೆ ಬೀಳುವ ಚಟ ಅದಕ್ಕೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಅಲ್ಲೇ ಕಲ್ಲಿನ ಮೇಲೆ ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದ.

ರೇಸಿನಲ್ಲಿ ಸವಾರ ಲಗಾಮು ಬಿಗಿ ಹಿಡಿದಷ್ಟೂ ಕುದುರೆ ಅದಕ್ಕೆ ಒರಗಿಕೊಂಡು ಜೋರಾಗಿ ಓಡುತ್ತದಂತೆ. ಮರಿಯಾಗಿದ್ದಾಗಿಂದ ಕಲಿಸಿದ್ದು ಅದು, ಎಳೆದರೆ ಓಡು ಎಂದು. ರೇಸಿನ ಲಾಯದಿಂದ ನಾನು ತಂದ ಮೂರನೇ ದಿನಕ್ಕೆ ಕೆಳದವಡೆಯನ್ನು ಉಂಗುರದಲ್ಲಿ ಕಚ್ಚುವ ನಮ್ಮ ಕಡಿವಾಣ ತೊಡಿಸಿ, ಎರಡೂ ಕೈಯಲ್ಲಿ ಎಳೆದು, ನಿಲ್ಲು ಅಂದೆ. ಮುಂದೆ ಹೋದರೆ ಕಬ್ಬಿಣ, ನಿಂತರೂ ಕಬ್ಬಿಣ. ಅದಕ್ಕೆ ಉಳಿದಿದ್ದ ದಾರಿ ಒಂದೇ, ಮೇಲೆ. ಮೇಲೆ ಹೋದ ಕೂಡಲೇ ಸವಾರ ಹೆದರಿ ಲಗಾಮು ಬಿಡುತ್ತಾನೆ. ಬಾಯಿಗೆ ನೆಮ್ಮದಿ ಸಿಗುತ್ತದೆ. ಪಾಠ ಅಲ್ಲಿಗೆ ಮುಗಿಯಿತು ಎಂದ.

ಅವನಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ನಿನಗೂ ಗೊತ್ತಿಲ್ಲ. ಆ ಬೇಸಿಗೆಯ ಮದುವೆಗಳು ನೆನಪಿದೆಯಾ? ಮೊದಲನೆಯದರಲ್ಲಿ ಮರ್ಜಾನ್ ವಧುವಿನ ಡೇರೆಯ ಮುಂದೆ ಎದ್ದು ನಿಂತಿತು. ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕಿದರು, ಗಂಡಸರು ಫೋನು ಎತ್ತಿ ಹಿಡಿದರು. ನನ್ನ ಎದೆ ಬೀಗಿಹೋಯಿತು. ಇಳಿದು ಅದಕ್ಕೆ ಸಕ್ಕರೆ ತಿನ್ನಿಸಿದೆ. ಮುಂದಿನ ಮದುವೆಗೆ ಹೋಗುವ ಮೊದಲು ನಿನ್ನ ಸಕ್ಕರೆ ಗಟ್ಟಿಯಿಂದ ಚೂರು ಮುರಿದು ಜೇಬಿಗೆ ಹಾಕಿಕೊಂಡೆ. ಹೀಗೆ ಏಳು ಮದುವೆ. ಎಂಟನೆಯದಕ್ಕೆ ಘಾಲಿಯಾ ಕೂತಿದ್ದಳು. ಕೇಕೆ ಎದ್ದಿತು, ಮರ್ಜಾನ್ ಸಕ್ಕರೆ ಕೇಳಲು ಎದ್ದು ನಿಂತಿತು. ಮಗಳು ನಾನು ಕಲಿಸಿದ ಹಾಗೆ ಎರಡೂ ಲಗಾಮು ಎಳೆದಳು. ಅದು ಹಾಗೆಯೇ ಅವಳ ಮೇಲೆ ಮಗುಚಿತು. ಯಾಮ್ನಾ, ಆ ಕುದುರೆಗೆ ಬೀಳುವುದನ್ನು ಕಲಿಸಿದವನು ನಾನು. ಮಗಳ ಕಾಲು ಮುರಿದವನು ನಾನು. ನೀನು ಕಾಯುತ್ತಿದ್ದ ಮಾತು ಇದೇ ಆಗಿದ್ದರೆ, ಇಗೋ, ಹೇಳಿದ್ದೇನೆ.

ಕುದುರೆಯನ್ನೂ ಮುದುಕನನ್ನೂ ಕರೆದುಕೊಂಡು ಬಂದೆ. ಈಗ ಅವನು ನಮ್ಮ ಹಿಟ್ಟಿನ ಕೋಣೆಯಲ್ಲೇ ಮಲಗುತ್ತಾನೆ, ನನ್ನ ಅಡುಗೆಯನ್ನು ಬೈದುಕೊಂಡೇ ಎರಡು ಸಲ ಬಡಿಸಿಕೊಳ್ಳುತ್ತಾನೆ. ಮೊದಲ ಮೂರು ತಿಂಗಳು ಜೀನು ಮುಟ್ಟಲು ಬಿಡಲಿಲ್ಲ. ಬಾಯಿಗೆ ಕಬ್ಬಿಣ ಇಲ್ಲ, ಬರೀ ಹಗ್ಗ. ಎರಡೂ ಹಿಂಗಾಲು ನೆಲಕ್ಕೆ ಊರಿದರೆ ತಾನೇ ಮುಂಗಾಲು ಏಳುವುದು? ಹಾಗಾಗಿ ಒಂದು ಕಡೆಯ ಹಗ್ಗ ಮಾತ್ರ ಮೆಲ್ಲಗೆ ಎಳೆದು, ಹಿಂಗಾಲು ಒಂದನ್ನೊಂದು ದಾಟುವ ಹಾಗೆ ಸುತ್ತಿಸುವುದು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಇಷ್ಟೇ. ನನಗೆ ತಲೆ ಕೆಟ್ಟುಹೋಯಿತು, ಕುದುರೆಗೆ ಕೆಡಲಿಲ್ಲ.

ಆಮೇಲೆ ಕೇಕೆ. ಇದನ್ನು ನೀನು ನೋಡಬೇಕಿತ್ತು. ಪಕ್ಕದ ಮನೆಯ ತಾಮೂ ಮತ್ತು ಅವಳ ಸೊಸೆಯಂದಿರನ್ನು ಬೇಲಿಯ ಆಚೆ ನಿಲ್ಲಿಸಿದ. ಮೊದಲು ದೂರದಲ್ಲಿ ಒಬ್ಬಳು, ಸಣ್ಣಗೆ. ಮರ್ಜಾನ್ ಬೆವರಿತು, ಎದ್ದಿತು. ಯಾರೂ ಬೈಯಲಿಲ್ಲ, ಯಾರೂ ಸಕ್ಕರೆ ಕೊಡಲಿಲ್ಲ. ಕಾಲು ಕೆಳಗೆ ಬಂದು ತಲೆ ತಗ್ಗಿದಾಗ ಮಾತ್ರ ನೆಲದ ಮೇಲೆ ಒಂದು ಹಿಡಿ ಬಾರ್ಲಿ. ನಾಲ್ಕು ತಿಂಗಳು ಹೀಗೆ. ಮದುವೆಯೂ ಇಲ್ಲ ಮುಂಜಿಯೂ ಇಲ್ಲ, ದಿನಾ ಕೇಕೆ ಹಾಕಿ ಗಂಟಲು ಕಟ್ಟಿತು, ಈ ಕುದುರೆಗೆ ಮದುವೆಯನ್ನೇ ಮಾಡಿಬಿಡಿ ಎಂದು ತಾಮೂ ಊರೆಲ್ಲ ಹೇಳಿಕೊಂಡು ಬಂದಳು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಹನ್ನೊಂದು ಹೆಂಗಸರು ಬೇಲಿಗೆ ಒರಗಿ ಒಟ್ಟಿಗೆ ಕೇಕೆ ಹಾಕಿದರು. ಮರ್ಜಾನ್ ಕಿವಿ ಅತ್ತ ಇತ್ತ ಆಡಿಸಿತು. ಉಸಿರು ಬಿಟ್ಟಿತು. ಆಮೇಲೆ ಅಷ್ಟು ದೊಡ್ಡ ತಲೆಯನ್ನು ಮೆಲ್ಲ ಮೆಲ್ಲಗೆ ಇಳಿಸಿ ಮೂತಿಯನ್ನು ಮಣ್ಣಿಗೆ ತಾಗಿಸಿ ನಿಂತಿತು. ತಾಮೂ ಕಣ್ಣೊರೆಸಿಕೊಂಡಳು.

ಮೇಲೆ ಮೊದಲು ಕೂತವರು ಯಾರು ಎಂದು ಕೇಳುತ್ತೀಯ. ಹೆದರಬೇಡ, ನಿನ್ನ ಮಾತಿಲ್ಲದೆ ಘಾಲಿಯಾ ಆ ರಿಕಾಬಿಗೆ ಕಾಲಿಟ್ಟಿಲ್ಲ. ಸೆತ್ತಾತ್ ಕಡೆಯಿಂದ ಒಬ್ಬ ಸವಾರನನ್ನು ಗೊತ್ತು ಮಾಡಿದೆವು. ನಾನು ಬೇಲಿಯ ಹೊರಗೇ ನಿಂತಿದ್ದೆ. ಆ ಸವಾರನೂ ಶುದ್ಧ ನನ್ನ ಹಾಗೆ, ಕೈ ಕಲ್ಲು. “ಲೇ, ನೀನು ಹಿಡಿದಿರೋದು ಲಗಾಮಾ, ಬಾವಿ ಹಗ್ಗಾನಾ?” ಎಂದು ಕಬ್ಬೂರಜ್ಜ ಅವನನ್ನು ದಿನಾ ಗೋಳು ಹೊಯ್ದುಕೊಂಡ. ಲಗಾಮಿನ ಒಂದು ಪಟ್ಟಿಯನ್ನು ತೆಗೆದು ಅಲ್ಲಿ ಹೊಲಿಗೆ ನೂಲು ಕಟ್ಟಿಸಿದ, ನೂಲು ಹರಿದರೆ ಅವತ್ತಿಗೆ ಇಳಿದು ಮನೆಗೆ. ಹತ್ತೊಂಬತ್ತು ದಿನ ಇಳಿದು ಮನೆಗೆ ಹೋದ ಪುಣ್ಯಾತ್ಮ. ಇಪ್ಪತ್ತನೇ ದಿನ ನೂಲು ಉಳಿಯಿತು.

ಎದ್ದು ನಿಲ್ಲುವ ಮುನ್ನ ಕುದುರೆ ಹಗುರಾಗುವುದು ಮೊದಲು ಸವಾರನ ತೊಡೆಗೆ ಗೊತ್ತಾಗುತ್ತದಂತೆ, ಕಣ್ಣಿಗಲ್ಲ. ಬೆನ್ನು ಉಬ್ಬುತ್ತದೆ, ಮುಂದಿನ ಭಾಗದಲ್ಲಿ ಭಾರವೇ ಇಲ್ಲದ ಹಾಗಾಗುತ್ತದೆ. ಆ ಒಂದು ಕ್ಷಣದಲ್ಲಿ ಕೈ ತಾನಾಗಿಯೇ ಎಳೆಯಲು ಹೋಗುತ್ತದೆ, ಅಲ್ಲಿ ಎಳೆಯದೆ ಇರುವುದೇ ವಿದ್ಯೆ. ಒಂದು ಕೈ ಮೊಣಕಾಲಿನತ್ತ ಮೆಲ್ಲಗೆ, ಇನ್ನೊಂದು ಕೈ ಪೂರ್ತಿ ಬಿಟ್ಟು, ಮುಂದೆ ಹೋಗು ಮಗನೇ ಎಂದು ಕಾಲಿನಲ್ಲಿ ಹೇಳುವುದು. ಆಗ ಅದು ನಂಬಿದರೆ ನಂಬಿತು. ನಂಬಿತು, ಯಾಮ್ನಾ. ನನ್ನಂಥವನ ಕೈಯನ್ನೂ, ಅಂದರೆ ಆ ಸವಾರನ ಕೈಯನ್ನೂ, ಅದು ನಂಬಿತು. ಅಷ್ಟು ಹಿಂಸೆ ಕಂಡ ಬಾಯಿ ಮತ್ತೆ ಒಂದು ಕೈಯನ್ನು ಹೇಗೆ ನಂಬಿತು ಎಂದು ಇವತ್ತಿಗೂ ನನಗೆ ತಿಳಿಯದು. ಮನುಷ್ಯರಾದರೆ ನಂಬುವುದಿಲ್ಲ. ನಿನ್ನನ್ನು ಚುಚ್ಚಲು ಹೇಳಿದ್ದಲ್ಲ.

ಹೋದ ವಾರ ತಂಡದ ಏಳು ಕುದುರೆಗಳ ಜೊತೆ ಓಡಿಸಿ ನೋಡಿದೆವು. ಕೋವಿಗಳು ಒಟ್ಟಿಗೆ ಸಿಡಿದವು, ಹೊಗೆ ಎದ್ದಿತು, ಬೇಲಿಯ ಬಳಿ ತಾಮೂ ಕೇಕೆ ಹಾಕಿದಳು. ಹೊಗೆ ಹರಿದಾಗ ನಾಲ್ಕೂ ಗೊರಸು ನೆಲದ ಮೇಲಿಟ್ಟು ಮರ್ಜಾನ್ ನಿಂತಿತ್ತು, ಲಗಾಮು ಜೋಲುಬಿದ್ದಿತ್ತು. ಕಬ್ಬೂರಜ್ಜ ಹತ್ತಿರ ಬಂದು ಕುದುರೆಯ ತುಟಿ ಬಿಡಿಸಿ ಒಳಗೆ ನೋಡಿದ, ಮುಚ್ಚಿದ, ನಡೆದು ಹೋದ.

ಇಷ್ಟೇ ವಿಷಯ. ಬಾ ಎಂದು ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಆದರೆ ರಿದಾ ಇಲ್ಲದೆ ಮರ್ಜಾನ್ ಮೈದಾನಕ್ಕೆ ಇಳಿಯುವುದಿಲ್ಲ. ನೀನು ಬೇಡ ಅಂದರೆ ಜೀನು ಇಳಿಸಿ ಗೂಟಕ್ಕೆ ನೇತುಹಾಕುತ್ತೇನೆ, ಮತ್ತೆ ಮಾತೆತ್ತುವುದಿಲ್ಲ. ಮಗಳಿಗಾಗಿ ಯೋಚಿಸಿ ಹೇಳು.

ಘಾಲಿಯಾಳ ತಂದೆ,
ಬೂಶಯಬ್

ಮರುಬರಹ (ಅಪ್ಪನದಲ್ಲ, ನನ್ನದು):

ಅಮ್ಮಾ, ಅಂಚೆಗೆ ಹಾಕು ಎಂದು ಅಪ್ಪ ನನ್ನ ಕೈಗೆ ಕೊಟ್ಟ. ಅಂಟು ಒಣಗಿರಲಿಲ್ಲ, ಓದಿದೆ. ಬೈಯಬೇಡ.

ಸೆತ್ತಾತಿನ ಸವಾರ ಅಂತ ಯಾರೂ ಇಲ್ಲ. ನೂಲು ಹರಿದುಕೊಂಡು ಹತ್ತೊಂಬತ್ತು ದಿನ ಮನೆಗೆ ಬಂದದ್ದು ಅಪ್ಪ. ಒಂದು ದಿನ ಮರ್ಜಾನ್ ಮಗುಚಿ ಬಿದ್ದಾಗ ಅಡಿಯಲ್ಲಿ ಇದ್ದದ್ದೂ ಅಪ್ಪನೇ, ಎರಡು ಪಕ್ಕೆಲುಬು ಮುರಿದವು. ನಿನಗೆ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ನಾನು ಹತ್ತುತ್ತೇನೆ ಅಂದಾಗ ಲಾಯದ ಬಾಗಿಲಿಗೆ ಅಡ್ಡ ಮಲಗಿದ್ದ.

ನಾನು ಈ ಸಲವೂ ನನ್ನ ಬೂದು ಕುದುರೆಯ ಮೇಲೆಯೇ ಓಡುವುದು. ಅದಕ್ಕೆ ನೀನು ಹೋದ ಶುಕ್ರವಾರವೇ ರಿದಾ ಕೊಟ್ಟಿದ್ದೀಯ. ಮರ್ಜಾನ್ ಮೇಲೆ ಗಂಡಸರ ಸಾಲಿನಲ್ಲಿ ಕೂರುವವನು ಅಪ್ಪ. ಹೋದ ವರ್ಷ ಮೂಸೆಮ್‌ಗೆ ಅವನು ಯಾಕೆ ಇಳಿಯಲಿಲ್ಲ ಎಂದು ತಂಡದವರೆಲ್ಲ ಕೇಳಿದರು, ಮಂಡಿ ನೋವು ಎಂದ. ಅವನ ಅಮ್ಮ, ನಮ್ಮ ಅಜ್ಜಿ, ತೀರಿಹೋದ ಮೇಲೆ ಆರು ವರ್ಷ ಅವನಿಗೆ ರುಮಾಲು ಸುತ್ತಿ ಆ ಮಾತು ಹೇಳಿ ಕಳಿಸುತ್ತಿದ್ದದ್ದು ನೀನು. ತನಗೆ ಬೇಕು ಎಂದು ಕೇಳಲು ನಾಚಿಕೆ ಅವನಿಗೆ, ನನ್ನ ಹೆಸರಲ್ಲಿ ಕೇಳಿದ್ದಾನೆ.

ನಾಳಿನ ಶುಕ್ರವಾರ ಅಲ್ಲ, ಅದರ ಮುಂದಿನ ಶುಕ್ರವಾರದ ಹೊತ್ತಿಗೆ ಕಾಗದ ನಿನ್ನ ಕೈ ಸೇರಿರುತ್ತದೆ. ಅವತ್ತು ನಾನು ಫೋನ್ ಮಾಡಿದಾಗ ನನ್ನ ಯೋಗಕ್ಷೇಮ ಕೇಳಬೇಡ. ಅಪ್ಪನಿಗೆ ಕೊಡು ಅನ್ನು.

ಘಾಲಿಯಾ