ಇನ್ನೊಂದು ವಾರದ ಕೆಲಸ

ದೋಣಿಕಟ್ಟೆ,
ಭಾನುವಾರ ಸಂಜೆ

ನನ್ನ ಪ್ರೀತಿಯ ಅಮ್ಮಾ,

ಯಾವಾಗ ಹೊರಡ್ತೀರಿ ಎಂದು ನೀನು ಕೇಳಿದಾಗಲೆಲ್ಲ ಇನ್ನೊಂದು ವಾರ ಎಂದು ಜಾರಿಕೊಂಡೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಳಿಯ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ.

ದೋಣಿ ಸಿದ್ಧವಾಗಿದೆ. ತಳಕ್ಕೆ ಅಂಟಿದ್ದ ಚಿಪ್ಪುಗಳನ್ನೆಲ್ಲ ನಾವಿಬ್ಬರೇ ಕೆರೆದು ಬಣ್ಣ ಬಳಿದೆವು. ಉಗುರಿನ ಸಂದಿಯ ಕೆಂಪು ಇನ್ನೂ ಹೋಗಿಲ್ಲ. ನೀರಿನ ಡ್ರಮ್ಮು, ಒಲೆ, ಲಂಗರು, ಹೊಸ ಹಗ್ಗ ಎಲ್ಲ ಒಳಗೆ ಸೇರಿವೆ. ಹೋಗಬೇಕೆಂದಿರುವ ದ್ವೀಪಗಳ ನಕ್ಷೆಯನ್ನು ಊಟದ ಮೇಜಿಗೆ ಅಂಟಿಸಿ ಅದರ ಮೇಲೇ ತಟ್ಟೆ ಇಟ್ಟು ಉಣ್ಣುತ್ತೇವೆ. ಗಾಳಿ ಈಗ ಹದವಾಗಿದೆ. ತಿಂಗಳು ಕಳೆದರೆ ತಿರುಗಿಬೀಳುತ್ತದೆ, ಆಮೇಲೆ ಮುಂದಿನ ವರ್ಷವೇ. ಕೂತಲ್ಲಿ ಕೂರಲಾಗುತ್ತಿಲ್ಲಮ್ಮ. ಬಟ್ಟೆ ಒಣಹಾಕುವಾಗಲೂ ಗಾಳಿ ಯಾವ ಕಡೆಯಿಂದ ಎಂದು ನೋಡುತ್ತಿರುತ್ತೇನೆ.

ಇವರೋ, ಒಂದು ಕೆಲಸ ಮುಗಿದರೆ ಇನ್ನೊಂದನ್ನು ಹುಡುಕಿ ತೆಗೆಯುತ್ತಿದ್ದರು. ಹಾಯಿಮರದ ತಂತಿ ಬದಲಾಯಿಸಬೇಕು ಎಂದರು, ಬದಲಾಯಿಸಿದೆವು. ಪಂಪು ಸದ್ದು ಮಾಡುತ್ತದೆ ಎಂದು ಬಿಚ್ಚಿ ಹರಡಿದರು. ಕೊನೆಗೆ ಗಟ್ಟಿಮುಟ್ಟಾಗಿದ್ದ ಹಾಯಿಯನ್ನೇ ಮತ್ತೆ ಹೊಲಿಸಲು ನನ್ನ ತಲೆಗೆ ಹೊರಿಸಿ ಕಳಿಸಿದರು. ಬಂದರಿನ ಅಂಗಡಿಯಲ್ಲಿ ಹಾಯಿ ಹೊಲಿಯುವ ಅಕ್ಕ ಅಂಚನ್ನೆಲ್ಲ ಎಳೆದು ನೋಡಿ, "ಇದಕ್ಕೇನೂ ಆಗಿಲ್ಲ. ನಿನ್ನ ಯಜಮಾನ್ರಿಗೆ ಏನಾಗಿದೆ ಕೇಳು" ಎಂದು ಹಿಂದಕ್ಕೆ ಕೊಟ್ಟಳು.

ನಾನು ಕೇಳಲಿಲ್ಲ. ಸಿಟ್ಟಿನಲ್ಲಿ, ಹತ್ತಿರದ ದ್ವೀಪದವರೆಗಾದರೂ ಹೋಗಿಬರೋಣ ಎಂದು ಮೊನ್ನೆ ಬೆಳಿಗ್ಗೆ ಹಟ ಹಿಡಿದು ಹೊರಡಿಸಿದೆ. ಬಂದರಿನ ಗೋಡೆ ದಾಟಿದ್ದೇ ತಡ, ಹಾಯಿಗೆ ಗಾಳಿ ತುಂಬಿ ದೋಣಿ ಒಂದು ಮಗ್ಗುಲಿಗೆ ವಾಲಿತು. ನನಗೆ ಕೂಗಿಬಿಡುವಷ್ಟು ಖುಷಿ. ತಿರುಗಿ ನೋಡಿದರೆ ಇವರು ಕಂಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದರು. ಹಾಯಿಯ ಹಗ್ಗ ಸಡಿಲಿಸಿ ಎಂದು ಕಿರುಚಿದೆ. ಕೈ ಬಿಡಲು ಅವರಿಂದಾಗಲಿಲ್ಲ. ಚುಕ್ಕಾಣಿಯನ್ನು ಮೊಣಕಾಲಲ್ಲಿ ಒತ್ತಿಹಿಡಿದು ನಾನೇ ಹಗ್ಗ ಬಿಟ್ಟೆ, ತಿರುಗಿಸಿಕೊಂಡು ಬಂದೆ.

ದೋಣಿಯನ್ನು ಮತ್ತೆ ದಡಕ್ಕೆ ಕಟ್ಟಿದ ಮೇಲೆ ಮೆಲ್ಲಗೆ ಹೇಳಿದರು: "ದೋಣಿ ಅಂದ್ರೆ ನಂಗೆ ಪ್ರಾಣ ಕಣೇ. ಬಿಚ್ಚೋದು, ಜೋಡಿಸೋದು, ಬಣ್ಣ ಹೊಡೆಯೋದು, ಎಲ್ಲಾ ಇಷ್ಟ. ಅದು ಹೊರಡೋದೊಂದು ಆಗಲ್ಲ. ನಾನು ಬರಲ್ಲ. ನೀನು ಹೋಗು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗಿದು ತಿಳಿದಿರಲಿಲ್ಲ ನೋಡು. ನಿನ್ನೆ ತಾವೇ ಎಣ್ಣೆ ಡಬ್ಬಿ ಹಿಡಿದು ಬಂದರು. ಎಂಜಿನ್ ಕೆಟ್ಟರೆ ಏನು ಮಾಡಬೇಕು ಎಂದು ಒಂದೊಂದು ನಟ್ಟನ್ನೂ ಮುಟ್ಟಿ ತೋರಿಸಿದರು, ಮಗುವನ್ನು ಶಾಲೆಗೆ ಬಿಡುವವರ ಹಾಗೆ.

ಬುಧವಾರ ಬೆಳಿಗ್ಗೆ ಹೊರಡುತ್ತೇನೆ. ಒಬ್ಬಳೇ ಅಲ್ಲ, ಹಾಯಿ ಹೊಲಿಯುವ ಅಕ್ಕ ಅಂಗಡಿಗೆ ಬೀಗ ಹಾಕಿ ಬರುತ್ತಾಳೆ. ದೋಣಿಯಲ್ಲೇ ಬೆಳೆದವಳು, ನೀನು ಹೆದರಬೇಡ. ಇವರು ಪ್ರಯಾಣಿಕರ ಹಡಗಿನಲ್ಲಿ ದೊಡ್ಡ ದ್ವೀಪಕ್ಕೆ ಬಂದು ಕಾಯುತ್ತಾರಂತೆ. ಅದು ವಾಲುವುದಿಲ್ಲವಂತೆ! ಅಪ್ಪನಿಗೆ ಇದರಲ್ಲಿ ಅರ್ಧ ಮಾತ್ರ ಹೇಳು.

ನಿನ್ನ
ಕಾಲು ನಿಲ್ಲದ ಮಗಳು

ಮರೆತ ಮಾತು: ಬರಲ್ಲ ಎಂದು ಇವರು ಹೇಳಿದಾಗ ಅತ್ತುಬಿಟ್ಟೆ ಎಂದು ಬರೆಯಹೊರಟಿದ್ದೆ. ಅಳಲಿಲ್ಲಮ್ಮ. ಎದೆ ಹಗುರಾಯಿತು. ಎರಡು ರಾತ್ರಿಯಿಂದ ನಿದ್ದೆ ಬಾರದಿರುವುದು ಸಮುದ್ರದ ಯೋಚನೆಗಲ್ಲ, ಇದಕ್ಕೆ. ಅಪ್ಪನನ್ನು ಮನೆಯಲ್ಲಿ ಬಿಟ್ಟು ನನ್ನನ್ನು ಕರೆದುಕೊಂಡು ತವರಿಗೆ ಹೋಗುವಾಗ ನೀನು ಬಸ್ಸಿನ ಕಿಟಕಿ ಪಕ್ಕ ಕೂತು ಹಾಡು ಗುನುಗುತ್ತಿದ್ದೆಯಲ್ಲ, ನಿಜ ಹೇಳು, ಅದೂ ಇದೇನಾ?