ನಿನ್ನ ಸಮಾಧಿಯ ಮೇಲಿನ ಎರಡು ಕಲ್ಲು

ಅಮ್ಮಾ,

ಸತ್ತವರ ಹಬ್ಬವೆಂದು ಇವತ್ತು ಸೇವಂತಿಗೆ, ಮೇಣದ ಬತ್ತಿ ಹಿಡಿದು ನಿನ್ನ ಸಮಾಧಿಗೆ ಹೋಗಿದ್ದೆ. ಈ ವರ್ಷವೂ ಅದರ ಮೇಲೆ ಎರಡು ಕಲ್ಲುಗಳಿದ್ದವು. ಯುದ್ಧ ಮುಗಿದ ಮೇಲೆ ‘ಯೆಹೂದಿಗಳನ್ನ ಸಾಕಿದೋಳು’ ಎಂದು ನಮ್ಮ ಕಿಟಕಿಗೆ ಕಲ್ಲೆಸೆದವರ ಕೆಲಸವೇ ಇದೆಂದುಕೊಂಡು, ಬೈಯುತ್ತಲೇ ಗುಡಿಸಿ ಎಸೆದೆ.

“ಅದನ್ನಿಟ್ಟಿದ್ದು ನಾನು, ಗೇನ್ಯಾ.”

ಕೋಲೂರಿ ನಿಂತಿದ್ದವನು ಹೆನೋಖ್. ಆಲೂಗಡ್ಡೆ ತುಂಬುವ ನೆಲಮಾಳಿಗೆಯಲ್ಲಿ ನೀನು ಎರಡು ಚಳಿಗಾಲ ಬಚ್ಚಿಟ್ಟ ಹುಡುಗ, ಈಗ ನನ್ನಷ್ಟೇ ವಯಸ್ಸಾದ ಮುದುಕ.

“ನಮ್ಮ ಯೆಹೂದಿಗಳಲ್ಲಿ ಗೋರಿಗೆ ಹೂವಿಡಲ್ಲ, ಕಲ್ಲಿಡ್ತೀವಿ. ಮನೆಗೆ ಬಂದ್ರೆ ಮತ್ತೆ ನಿಮ್ಮ ಕಿಟಕಿ ಒಡೀತಾರೇನೋ ಅಂತ ಇಲ್ಲಿಂದಲೇ ವಾಪಸ್ ಹೋಗ್ತಿದ್ದೆ,” ಎಂದ. “ಒಂದು ನಿಮ್ಮಮ್ಮಂಗೆ, ಇನ್ನೊಂದು ನಮ್ಮಮ್ಮಂಗೆ. ಟ್ರೆಬ್ಲಿಂಕಾ ಶಿಬಿರದಲ್ಲಿ ನಾಜಿಗಳು ಸುಟ್ಟೋರಿಗೆ ಗೋರಿ ಎಲ್ಲಿದೆ?”

ನಾನು ಮಂಡಿಯೂರಿ ಕಲ್ಲುಗಳನ್ನು ಹುಡುಕುತ್ತಿದ್ದಾಗ ಪಕ್ಕದ ಮನೆಯ ಸ್ತೆಫಾನಿಯಾ ಮೂಗು ಮುರಿದಳು. “ಹಬ್ಬದ ದಿನ ಇದೇನೇ, ಕಸ ಆಯ್ತಿದೀಯ?”

ತಲೆ ತಗ್ಗಿಸಿ ನಡಿ ಎಂದು ನೀನು ಕಲಿಸಿದ್ದೆ. ಇವತ್ತು ತಗ್ಗಿಸಲಿಲ್ಲ.

“ಕಸ ಅಲ್ಲ ಕಣೆ. ನಮ್ಮಮ್ಮ ಇವನನ್ನ ಉಳಿಸಿದ್ಲಲ್ಲ, ಅದಕ್ಕೆ ಇವನಿಟ್ಟಿದ್ದು,” ಎಂದೆ, ಇಡೀ ಸ್ಮಶಾನಕ್ಕೆ ಕೇಳುವ ಹಾಗೆ.

ಹೆನೋಖ್‌ನ ತಾಯಿಯ ಹೆಸರು ಫ್ರುಮಾ ಅಂತೆ. ಇಷ್ಟು ವರ್ಷ ನಾವು ಕೇಳಿರಲೇ ಇಲ್ಲ. ಕಲ್ಲೆರಡನ್ನೂ ಮತ್ತೆ ನಿನ್ನ ಸಮಾಧಿಯ ಮೇಲಿಟ್ಟು, ನಿನ್ನ ಬತ್ತಿಯ ಪಕ್ಕದಲ್ಲಿ ಅವಳಿಗೂ ಒಂದು ಹಚ್ಚಿ ಬಂದಿದ್ದೇನೆ.

ನಿನ್ನ ಗೇನ್ಯಾ