ಅಪ್ಪನ ಮಡಿಕೆ

ಪ್ರೀತಿಯ ಅಮ್ಮಾ,

ಬೆಳಿಗ್ಗೆ ನಿನ್ನ ಇನ್‌ಲ್ಯಾಂಡ್ ಪತ್ರ ಬಿಡಿಸಿದಾಗ ಅಪ್ಪ ಬರೆಯುವ ಕೊನೆಯ ಮಡಿಕೆ ಈ ಸಲವೂ ಖಾಲಿಯಿತ್ತು. ಅವರ ಹೊಲಿಗೆ ಅಂಗಡಿ ಬೇಡವೆಂದು ನಾನು ಈ ಶಾಲೆಗೆ ಟೀಚರಾಗಿ ಬಂದಾಗಿನಿಂದ ಹೀಗೇ.

ಇಂದು ಮಕ್ಕಳಿಗೆ ಮನೆಯವರಿಗೆ ಪತ್ರ ಬರೆಯುವುದನ್ನು ಕಲಿಸಬೇಕಿತ್ತು. ಚಿಕ್ಕಂದಿನಲ್ಲಿ ನಾನು ಅಜ್ಜಿಗೆ ಬರೆಯುವಾಗ ನೀನು ಹೇಳುತ್ತಿದ್ದುದನ್ನೇ ಹೇಳಿದೆ: "ಬಾಗಿಲಲ್ಲಿ ನಿಂತು ಮಾತಾಡಿದ ಹಾಗೆ ಬರಿಯೇ. ಕೊನೇ ಮಡಿಕೆ ನಿಮ್ಮಪ್ಪಂಗೆ ಬಿಡು, ಇಲ್ದಿದ್ರೆ ಮುಖ ಊದಿಸ್ಕೊಂಡು ಕೂರ್ತಾರೆ." ಆ ಮಡಿಕೆಯಲ್ಲಿ ಅಪ್ಪನದು ಯಾವಾಗಲೂ ಒಂದೇ ಒಕ್ಕಣೆ: "ಎಲ್ಲಾ ಇವಳೇ ಬರೆದಿದ್ದಾಳೆ. ನಾನೂ ಇದ್ದೇನೆ."

ಮಕ್ಕಳು ನಕ್ಕರು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ಅಪ್ಪನ ಕನ್ನಡಕದ ಕಡ್ಡಿ ಮುರಿದಿದೆ ಎಂದು ಬರೆದಿದ್ದೀಯಲ್ಲ, ಸರಿಮಾಡಿಸಿಡು. ಮುಂದಿನ ಪತ್ರ ಅವರಿಗೇ ಬರೆಯುತ್ತೇನೆ. ಕೊನೆಯ ಮಡಿಕೆಯಲ್ಲಿ ನಿನಗೂ ಒಂದು ಸಾಲು ಇರುತ್ತದೆ, ಮುಖ ಊದಿಸಿಕೊಳ್ಳಬೇಡ.

ನಿನ್ನ
ಮಗಳು